ಬಾಲಮಂದಿರ ಬಿಟ್ಟು ರೂಮು ಹಿಡಿಯುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. 18 ತುಂಬಲು ಮೂರ್ನಾಲ್ಕು ತಿಂಗಳು ಇರುವಾಗಲೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅನುಪಾಲನೆಗೆ (ಆಫ್ಟರ್‌ಕೇರ್, ಅಂದರೆ 18 ತುಂಬಿ ಹೊರಬಂದ ಮೇಲೆ ಸಿಗುವ ನೆರವು) ಅರ್ಜಿ ಕೊಡಿ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ ಇರುವುದೇ ಸಂಸ್ಥೆಯಿಂದ ಹೊರಬರುವವರಿಗಾಗಿ. 21ರವರೆಗೆ ನೆರವು ಕೇಳಬಹುದು.

ನಿಮ್ಮನ್ನು ಬಾಲಮಂದಿರಕ್ಕೆ ಸೇರಿಸಿದ ಮಕ್ಕಳ ಕಲ್ಯಾಣ ಸಮಿತಿಯ ಆದೇಶ, ಆಧಾರ್, ಅಂಕಪಟ್ಟಿ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ಇದೆಯಾ ನೋಡಿ. ಬ್ಯಾಂಕಿನಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ.

ಮನೆ ಓನರು "ಯಾವೂರು, ಅಪ್ಪ ಏನ್ ಮಾಡ್ತಾರೆ?" ಅಂತ ಕೇಳೇ ಕೇಳ್ತಾರೆ. ಪೂರ್ತಿ ಕತೆ ಹೇಳಬೇಕಿಲ್ಲ, ಸುಳ್ಳೂ ಬೇಡ. "ಹಾಸ್ಟೆಲಿನಲ್ಲಿ ಬೆಳೆದಿದ್ದು, ಇವರು ನಮ್ಮ ಕಡೆಯವರು" ಅಂತ ಒಬ್ಬರ ನಂಬರ್ ಕೊಡಿ. ಆ ಒಬ್ಬರನ್ನು ಮೊದಲೇ ಕೇಳಿ ಒಪ್ಪಿಸಿರಿ.

ಅಡುಗೆಮನೆಯಲ್ಲಿ ಕೈಹಾಕಿದವರಿಗೆ ಐವತ್ತು ಜನರ ಅಳತೆ ಗೊತ್ತು, ಒಬ್ಬರದ್ದು ಗೊತ್ತಿರಲ್ಲ. ಎರಡು ಲೀಟರ್ ಕುಕ್ಕರ್, ಅರ್ಧ ಪಾವು ಅಕ್ಕಿ, ಒಂದು ಪಾವು ನೀರು, ಮೂರು ಕೂಗು. ಸಾಕು.

ಮೊದಲ ವಾರ ನಿದ್ದೆ ಹತ್ತದಿದ್ದರೆ ಗಾಬರಿ ಬೇಡ. ಇಪ್ಪತ್ತು ಹಾಸಿಗೆಯ ಸದ್ದಿಗೆ ಒಗ್ಗಿದ ಕಿವಿಗೆ ಮೌನವೇ ಗಲಾಟೆ. ರೇಡಿಯೊ ಸಣ್ಣಗೆ ಹಾಕಿಡಿ. ಯುಗಾದಿಗೆ ಒಬ್ಬರೇ ಇರುವವರು ವಾರ ಮುಂಚೆ ಈ ಗುಂಪಿನಲ್ಲಿ ಹೆಸರು ಹಾಕಿ, ಒಬ್ಬಟ್ಟಿನ ಬೇಳೆ ಲೆಕ್ಕ ಹಾಕಬೇಕು.