ಮಗಳಿಗೊಂದು ಪತ್ರ: ಸುರುಳಿ ಯಾಕೆ ಕಂಬವಾಯಿತು

ಮಂಡ್ಯ

ಪುಟ್ಟಿ,

ಸುರುಳಿ ಬರಬೇಕಾದ ಕಡೆ ಕಂಬದ ಹಾಗೆ ನೆಟ್ಟಗೆ ಗೆರೆ ಬಂದಿದೆ, ಗಣಿತದ ಚಿತ್ರ ಬಿಡಿಸುವ ಆಕ್ಟೇವ್ ಸಾಫ್ಟ್‌ವೇರ್ ಕೆಟ್ಟಿರಬೇಕು ಅಂತ ಫೋಟೋ ಕಳಿಸಿದ್ದೀಯಲ್ಲ, ಅದೇನೂ ಕೆಟ್ಟಿಲ್ಲ ಕಣೇ. ಸೂತ್ರವೂ ಸರಿಯಾಗಿದೆ: ಎಕ್ಸ್‌ಗೆ ಕಾಸ್ ಟಿ, ವೈಗೆ ಸೈನ್ ಟಿ, ಝಡ್‌ಗೆ ಟಿ. ಅದರ ಮೇಲಿನ ಸಾಲು ನೋಡು. ಟಿ ಸೊನ್ನೆಯಿಂದ 40 ಪೈವರೆಗೆ, ಸಮ ಅಂತರದಲ್ಲಿ ಬಿಂದು ಇಡುವ ಲಿನ್‌ಸ್ಪೇಸ್‌ಗೆ ನೀನು ಕೊಟ್ಟಿರುವುದು 21 ಬಿಂದು. 21 ಬಿಂದುಗಳ ನಡುವೆ 20 ಅಂತರ, ಒಂದೊಂದೂ ಸರಿಯಾಗಿ 2 ಪೈ. ಅಂದರೆ ಪ್ರತಿ ಬಿಂದುವೂ ಒಂದು ಪೂರ್ತಿ ಸುತ್ತು ಮುಗಿಸಿ ಮತ್ತೆ ಎಕ್ಸ್ 1, ವೈ 0 ಇರುವಲ್ಲಿಗೇ ಬರುತ್ತದೆ, ಎತ್ತರ ಮಾತ್ರ ಏರುತ್ತದೆ. ಮೂರು ಆಯಾಮದಲ್ಲಿ ಗೆರೆ ಬಿಡಿಸುವ ಪ್ಲಾಟ್3 ಆದೇಶ ಬಿಂದುಗಳನ್ನು ನೇರ ಗೆರೆಯಿಂದ ಸೇರಿಸುತ್ತದೆ, ಅಷ್ಟೇ ಅದರ ಕೆಲಸ. ನಡುವಿನ ಸುತ್ತು ಅದಕ್ಕೆ ಗೊತ್ತೇ ಇಲ್ಲ.

ಫೋಟೋ ನೋಡಿ ನನಗೆ ಎಷ್ಟು ಖುಷಿಯಾಯಿತು ಗೊತ್ತಾ! ಈಗ 41 ಹಾಕು, ಗೆರೆ ಆ ಕಡೆ ಈ ಕಡೆ ಅಂಕುಡೊಂಕಾಗಿ ಹತ್ತುತ್ತದೆ. 81 ಹಾಕಿದರೆ ಪ್ರತಿ ಸುತ್ತಿಗೂ ನಾಲ್ಕು ಮೂಲೆ. 2001 ಹಾಕು, ಸುತ್ತಿಗೆ 100 ತುಂಡು ಬಿದ್ದು ಕಣ್ಣಿಗೆ ದುಂಡಗೆ ಕಾಣುತ್ತದೆ. ನಾಲ್ಕಕ್ಕೂ ಸೂತ್ರ ಒಂದೇ. ಅದಕ್ಕೇ ಹೇಳುತ್ತೇನೆ, ಯಾವ ಚಿತ್ರ ಬಂದರೂ ಬಿಂದುಗಳನ್ನು ದುಪ್ಪಟ್ಟು ಮಾಡಿ ಇನ್ನೊಮ್ಮೆ ಬಿಡಿಸು. ಆಕಾರ ಬದಲಾದರೆ ಮೊದಲಿನದನ್ನು ನಂಬಬೇಡ.

ಇನ್ನೊಂದು, ಚಿತ್ರವನ್ನು ಮೌಸ್‌ನಿಂದ ಹಿಡಿದು ತಿರುಗಿಸದೆ ಬಿಡಬೇಡ. ತರಗತಿಯಲ್ಲಿ ನಾನು ಹಿಂದಿನ ಗೆರೆಯನ್ನು ಚುಕ್ಕಿ ಚುಕ್ಕಿಯಾಗಿ ಬರೆದು ಆಳ ತೋರಿಸಲು ಒದ್ದಾಡುತ್ತೇನೆ, ನಿನಗೆ ಆ ಕಷ್ಟವಿಲ್ಲ. ಸುರುಳಿಯನ್ನು ನೇರ ಮೇಲಿಂದ ನೋಡಿದರೆ ಬರೀ ವೃತ್ತ, ಪಕ್ಕದಿಂದ ನೋಡಿದರೆ ಸೈನ್ ಅಲೆ. ಚಾಮುಂಡಿ ಬೆಟ್ಟದ ರಸ್ತೆಯನ್ನು ಮ್ಯಾಪಿನಲ್ಲಿ ನೋಡಿದಾಗ ತಿರುವು ಕಂಡು ಏರು ಕಾಣದಿರುವುದೂ ಹೀಗೆಯೇ.

ಇದಕ್ಕಿಂತ ಸೊಗಸಾದದ್ದು ಟಿ, ಟಿ ವರ್ಗ, ಟಿ ಘನ ಮೂರನ್ನೂ ಎಕ್ಸ್, ವೈ, ಝಡ್‌ಗೆ ಕೊಟ್ಟಾಗ ಬರುವ ರೇಖೆ. ಟಿ −2ರಿಂದ 2ರವರೆಗೆ ಇರಲಿ. ಮೇಲಿನಿಂದ ಪರವಲಯ. ಎಕ್ಸ್ ಅಕ್ಷದ ಕಡೆಯಿಂದ ನೋಡಿದರೆ ಮೂಲಬಿಂದುವಿನಲ್ಲಿ ಚೂಪಾದ ಮೊನೆ! ರೇಖೆಯಲ್ಲಿ ಮೊನೆಯೇ ಇಲ್ಲ, ಎಲ್ಲ ಕಡೆ ನುಣುಪು. ಹಾಗಾದರೆ ಮೊನೆ ಎಲ್ಲಿಂದ ಬಂತು? ಟಿ ಸೊನ್ನೆಯಾದಾಗ ರೇಖೆ ಯಾವ ದಿಕ್ಕಿಗೆ ಹೊರಟಿರುತ್ತದೆ ಅಂತ ಲೆಕ್ಕ ಹಾಕಿ ಭಾನುವಾರ ಫೋನಿನಲ್ಲಿ ಹೇಳು. ಘಾತದ ಗುರುತಿಗೆ (^) ಮೊದಲು ಚುಕ್ಕಿ ಇಡಲು ಮರೆಯಬೇಡ, ಇಲ್ಲದಿದ್ದರೆ ಆಕ್ಟೇವ್ ಎರರ್ ಕೊಡುತ್ತದೆ.

ನಿನ್ನ
ಅಮ್ಮ