ವೈದ್ಯರ ಸಂಘದಲ್ಲಿ ಚಿಕ್ಕ ಗುಂಪುಗಳೂ ಇರಲಿ

ಮಾನ್ಯ ಸಂಪಾದಕರೇ,

ವೈದ್ಯರು ನೋಂದಣಿ ನವೀಕರಿಸಲು ಐದು ವರ್ಷಕ್ಕೆ 30 ಗಂಟೆಗಳ ಸಿಎಂಇ (ನಿರಂತರ ವೈದ್ಯಕೀಯ ಕಲಿಕೆ) ಅಂಕ ತೋರಿಸಬೇಕು ಅನ್ನೋದು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನಿಯಮ. ಒಳ್ಳೆಯ ನಿಯಮವೇ. ಆದರೆ ತಾಲ್ಲೂಕಿನ ನಾವು ಅಂಕ ಗಳಿಸುವ ರೀತಿ ನೋಡಿ: ಶನಿವಾರ ರಾತ್ರಿ, ಹೋಟೆಲ್ ಹಾಲ್, ಔಷಧ ಕಂಪನಿಯ ಬ್ಯಾನರ್, ದೊಡ್ಡ ಊರಿಂದ ಬಂದ ತಜ್ಞರ ಮುಗಿಯದ ಸ್ಲೈಡುಗಳು, ಕೊನೆಗೆ ‘ಪ್ರಶ್ನೆ ಇದೆಯಾ?’ ಅಂದಾಗ ಎಲ್ಲರ ಕಣ್ಣೂ ಊಟದ ಕಡೆ. ಅಷ್ಟು ಜನರ ಎದುರು ‘ಇದು ನನಗೆ ಗೊತ್ತಾಗ್ತಿಲ್ಲ’ ಅನ್ನೋಕೆ ಯಾರಿಗೂ ಬಾಯಿ ಬರೋದಿಲ್ಲ, ಅಲ್ವಾ?

ಸಂಘದ ಶಾಖೆಗಳು ಎಂಟು-ಹತ್ತು ಜನರ ಗುಂಪುಗಳನ್ನು ಮಾಡಲಿ. ತಿಂಗಳಿಗೊಮ್ಮೆ, ಭಾನುವಾರ ಮಧ್ಯಾಹ್ನ, ಯಾರದಾದರೂ ಕ್ಲಿನಿಕ್ಕಿನಲ್ಲಿ ಸೇರೋಣ. ಸ್ಲೈಡ್ ಬೇಡ, ಕಂಪನಿ ಬೇಡ. ತಲೆ ಕೆಡಿಸಿದ ಒಂದೊಂದು ಕೇಸ್ ತಂದರೆ ಸಾಕು.

ನಮ್ಮ ಮಲೆನಾಡಿನ ಜ್ವರವನ್ನೇ ತಗೊಳ್ಳಿ. ಡೆಂಗಿ, ಇಲಿಜ್ವರ, ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್, ಜೊತೆಗೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ. ಮೊದಲ ಎರಡು ದಿನ ಎಲ್ಲವೂ ಒಂದೇ ಥರ ಕಾಣುತ್ತವೆ. ಕಂಕುಳಲ್ಲೋ ತೊಡೆಸಂದಿಯಲ್ಲೋ ಸಿಗರೇಟಿನಿಂದ ಸುಟ್ಟಂಥ ಕಪ್ಪು ಗುರುತು ಸಿಕ್ಕರೆ ಅದು ಸ್ಕ್ರಬ್ ಟೈಫಸ್ ಇರಬಹುದು, ಅಗ್ಗದ ಡಾಕ್ಸಿಸೈಕ್ಲಿನ್‌ಗೇ ಇಳಿಯುತ್ತದೆ. ಇದು ಎಲ್ಲ ಪುಸ್ತಕದಲ್ಲೂ ಇದೆ. ಆದರೆ ತುಂಬಿದ ಓಪಿಡಿಯಲ್ಲಿ ರೋಗಿಯ ಬಟ್ಟೆ ಸರಿಸಿ ನೋಡುವ ಅಭ್ಯಾಸ ಬರೋದು, ಪಕ್ಕದೂರಿನ ಡಾಕ್ಟರು ‘ನಾನು ಈ ವಾರ ಹೀಗೆ ಹಿಡಿದೆ’ ಅಂತ ಹೇಳಿದಾಗಲೇ.

ಇದೇನು ಹೊಸದಲ್ಲ. 1950ರ ದಶಕದಲ್ಲೇ ಲಂಡನ್ನಿನಲ್ಲಿ ಮನೋವಿಶ್ಲೇಷಕ ಮೈಕೇಲ್ ಬಾಲಿಂಟ್ ಮತ್ತು ಅವರ ಪತ್ನಿ ಈನಿಡ್ ಸಾಮಾನ್ಯ ವೈದ್ಯರನ್ನು ಹೀಗೆ ಗುಂಪಾಗಿ ಕೂರಿಸಿದರು. ಅಲ್ಲಿ ರೋಗದಷ್ಟೇ, ರೋಗಿ ಮತ್ತು ವೈದ್ಯರ ನಡುವಿನ ಸಂಬಂಧದ ಬಗ್ಗೆಯೂ ಮಾತು ನಡೆಯುತ್ತಿತ್ತು.

ಒಂದೇ ಊರಿನ ಡಾಕ್ಟರುಗಳು ಪೈಪೋಟಿಯವರು, ಮನಸ್ಸು ಬಿಚ್ಚಿ ಮಾತಾಡ್ತಾರಾ ಅಂತ ಕೇಳುವವರಿದ್ದಾರೆ. ನನ್ನ ಪ್ರಕಾರ ಪೈಪೋಟಿ ಇರುವುದರಿಂದಲೇ ಗುಂಪು ಬೇಕು. ‘ಒಂದು ಡ್ರಿಪ್ ಹಾಕಿಬಿಡಿ ಡಾಕ್ಟ್ರೇ’ ಅಂತ ಹಠ ಹಿಡಿಯುವವರಿಗೆ ನಾನು ಇಲ್ಲ ಅಂದರೆ, ಅವರು ಪಕ್ಕದ ಬೀದಿಗೆ ಹೋಗಿ ಹಾಕಿಸಿಕೊಳ್ಳುತ್ತಾರೆ. ಆ ಪಕ್ಕದ ಬೀದಿಯವರೂ ನನ್ನ ಎದುರು ಕೂತು ಚಹಾ ಕುಡಿಯುತ್ತಿದ್ದರೆ, ಬೇಡದ ಡ್ರಿಪ್ಪಿಗೆ ಇಬ್ಬರೂ ಇಲ್ಲ ಅನ್ನೋಣ ಅಂತ ಒಪ್ಪಿಕೊಳ್ಳಬಹುದು. ವಾಟ್ಸಾಪ್ ಗ್ರೂಪಿನಲ್ಲಿ ಇದು ಆಗದು. ಅಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳೇ ಜಾಸ್ತಿ.

ಒಂದೆರಡು ಎಚ್ಚರ ಬೇಕು. ರೋಗಿಯ ಹೆಸರು ಮಾತ್ರ ಅಲ್ಲ, ಊರನ್ನೂ ಹೇಳಬಾರದು. ಚಿಕ್ಕ ಊರಲ್ಲಿ ಮನೆತನ ಹೇಳಿದರೆ ಸಾಕು, ಗುರುತು ಸಿಕ್ಕಿಬಿಡುತ್ತದೆ. ಹಿರಿಯರೇ ಪ್ರತಿ ಸಲ ಗುಂಪು ನಡೆಸಿದರೆ ಅದು ಮತ್ತೆ ಭಾಷಣವಾಗುತ್ತದೆ, ಸರದಿ ಇರಲಿ. ಹಗಲಲ್ಲಿ ಸೇರಿದರೆ, ರಾತ್ರಿ ಪಾರ್ಟಿಯಂಥ ಸಭೆಗಳಿಂದ ದೂರ ಉಳಿಯುವ ಮಹಿಳಾ ವೈದ್ಯರೂ ಬರುತ್ತಾರೆ.

ಇಂಥ ಗುಂಪುಗಳಿಗೂ ಅಂಕ ಕೊಡಿ ಅಂತ ಸಂಘದ ಪದಾಧಿಕಾರಿಗಳು ಪರಿಷತ್ತನ್ನು ಕೇಳಲಿ. ಅಂಕ ಸಿಗದಿದ್ದರೂ ನಾವು ಕೆಲವರು ಮುಂದಿನ ತಿಂಗಳು ಸೇರುವವರಿದ್ದೇವೆ.

— ತಾಲ್ಲೂಕಿನ ಒಬ್ಬ ವೈದ್ಯ, ಶಿವಮೊಗ್ಗ ಜಿಲ್ಲೆ