ಶನಿವಾರ ಲ್ಯಾಮಿಂಗ್ಟನ್ ಕಾಡಿಗೆ ಬರೋರಿಗೆ

ಎಲ್ಲರಿಗೂ ನಮಸ್ಕಾರ, ಬ್ರಿಸ್ಬೇನ್‌ನಿಂದ ಬೆಳಿಗ್ಗೆ 6ಕ್ಕೇ ಹೊರಡೋಣ ಪ್ಲೀಸ್, ಕನಂಗ್ರಾ ಊರು ದಾಟಿದ ಮೇಲೆ ಘಾಟಿ ರಸ್ತೆ ತುಂಬಾ ಕಿರಿದು, ತಿರುವು ಜಾಸ್ತಿ, ವಾಂತಿ ಆಗೋ ಮಕ್ಕಳಿಗೆ ಮೊದಲೇ ಮಾತ್ರೆ ಕೊಟ್ಬಿಡಿ. ಮೇಲೆ ಮೊಬೈಲ್ ಸಿಗ್ನಲ್ ನಂಬ್ಕೋಬೇಡಿ, ಮ್ಯಾಪ್ ಡೌನ್‌ಲೋಡ್ ಮಾಡ್ಕೊಳ್ಳಿ.

1915ರಲ್ಲೇ ನ್ಯಾಷನಲ್ ಪಾರ್ಕ್ ಆದ ಕಾಡಿದು, ಈಗ ಗೊಂಡ್ವಾನಾ ಮಳೆಕಾಡುಗಳ ವಿಶ್ವಪರಂಪರೆ ಪಟ್ಟಿಯಲ್ಲೂ ಇದೆ. ಗೊಂಡ್ವಾನಾ ಅಂದ್ರೆ ನಮ್ಮ ಇಂಡಿಯಾನೂ ಆಸ್ಟ್ರೇಲಿಯಾನೂ ಒಂದೇ ನೆಲವಾಗಿದ್ದ ಕಾಲದ ಮಹಾಖಂಡ, ಮಕ್ಕಳಿಗೆ ಇದನ್ನ ಹೇಳಿ ಕರ್ಕೊಂಡ್ಬನ್ನಿ.

ಸ್ಯಾಟಿನ್ ಬವರ್‌ಬರ್ಡ್ ನೋಡ್ಲೇಬೇಕು. ಕಪ್ಪು-ನೀಲಿ ಹೊಳಪಿನ ಗಂಡು ಹಕ್ಕಿ ನೆಲದ ಮೇಲೆ ಕಡ್ಡಿಗಳನ್ನ ಎರಡು ಸಾಲಲ್ಲಿ ನೆಟ್ಟು ಓಣಿ ಥರ ಮಾಡಿ, ಅದರ ಮುಂದೆ ನೀಲಿ ಗರಿ, ನೀಲಿ ಹೂವು, ಬಾಟಲ್ ಮುಚ್ಚಳ ಎಲ್ಲಾ ತಂದು ಹರಡಿರುತ್ತೆ, ಹೆಣ್ಣಿನ ಮನಸ್ಸು ಗೆಲ್ಲೋಕೆ. ಅದು ಗೂಡಲ್ಲ, ಮೊಟ್ಟೆ ಹೆಣ್ಣು ಬೇರೆ ಕಡೆ ಮರದ ಮೇಲೆ ಇಡುತ್ತೆ. ದೂರದಿಂದ್ಲೇ ನೋಡಿ, ಒಂದು ಕಡ್ಡಿನೂ ಮುಟ್ಬೇಡಿ. ಸಂಜೆ ಕಾಡಿನ ಅಂಚಲ್ಲಿ ಪ್ಯಾಡಿಮೆಲನ್ ಅನ್ನೋ ಪುಟಾಣಿ ಕಾಂಗರೂಗಳು ಮೇಯೋಕೆ ಬರ್ತವೆ, ಒಮ್ಮೊಮ್ಮೆ ಚೀಲದಿಂದ ಮರಿ ತಲೆ ಹೊರಗೆ ಹಾಕಿ ತಾನೂ ಹುಲ್ಲು ಕಚ್ತಿರುತ್ತೆ.

ರಕ್ತ ಹೀರೋ ಇಂಬಳ (ಜಿಗಣೆ) ಇರ್ತವೆ, ಮಲೆನಾಡಿನೋರಿಗೆ ಹೇಳಬೇಕಿಲ್ಲ, ಉದ್ದ ಸಾಕ್ಸ್ ಹಾಕ್ಕೊಳ್ಳಿ. ಆದ್ರೆ ಅಗಲವಾದ ಹೃದಯದ ಆಕಾರದ ಎಲೆಯ ಸ್ಟಿಂಗಿಂಗ್ ಟ್ರೀ ಮಾತ್ರ ಮುಟ್ಟಲೇಬೇಡಿ, ನಮ್ಮ ತುರಿಕೆ ಸೊಪ್ಪಿಗಿಂತ ಎಷ್ಟೋ ಪಾಲು ಉರಿ, ದಿನಗಟ್ಟಲೆ ಹೋಗಲ್ಲ. ದಾರಿ ಬಿಟ್ಟು ಯಾರೂ ಇಳೀಬಾರದು.

ಪುಳಿಯೋಗರೆ ತರೋರು ಡಬ್ಬಿ ಭದ್ರವಾಗಿ ಮುಚ್ಚಿ, ಹಕ್ಕಿಗಳಿಗೆ ಒಂದಗಳೂ ಹಾಕ್ಬೇಡಿ. ಬರೋರು ಗುರುವಾರದೊಳಗೆ ಹೆಸರು ಹಾಕಿ, ಕಾರಲ್ಲಿ ಸೀಟಿದ್ರೆ ಅದನ್ನೂ ತಿಳಿಸಿ.